ಅರ್ಧಕ್ಕ ನಿಂತಿದ್ದ ಭೋಂಗಾ

ಅತ್ತೀ, ನಿಮ್ಮ ಸಿರುಗುಪ್ಪದಾಕಿ ಮಾಡೂ ಶರಣಾರ್ಥಿ.

ನಿಮಗ ಓದಾಕ ಬರಂಗಿಲ್ಲ, ಗೊತ್ತೈತಿ. ಕುರುಗೋಡಿನಿಂದ ನಿಮ್ಮ ತಮ್ಮ ಕಾಗದ ಹಾಕಿದಾಗೆಲ್ಲಾ ನಾನ ಓದಿ ಹೇಳ್ತಿದ್ದೆ. ನೀವು ಒಲಿ ಮುಂದ ಕುಂತು, “ಇನ್ನೊಮ್ಮಿ ಓದು, ಬಾಯಿ ಬಿಟ್ಟು ಓದು” ಅಂತಿದ್ರಿ. ಈಗ ಅಲ್ಲಿ ಮಾವನೋರು ಅದಾರಲ್ಲ, ಅವರ ಕಡಿಂದ ಓದಿಸಿಕೊಳ್ರಿ. ಜೋರಾಗಿ ಓದ್ರಿ ಅಂತ ಅವರಿಗೆ ನಾನೇನು ಹೇಳಬೇಕಾಗಿಲ್ಲ. ಮಿಲ್ಲು ನಿಮ್ಮ ಕಿವಿ ತಿಂದಿದ್ದು ಅವರಿಗೆ ಗೊತ್ತಿಲ್ಲೇನು?

ನಾನು ಮದುವಿ ಆಗಿ ಬಳ್ಳಾರಿಗೆ ಬಂದ ಮಾರನೇ ದಿನ ನೆನಪೈತೇನ್ರಿ? ಸಿರುಗುಪ್ಪದಾಗ ನಮ್ಮ ಮನಿ ಕಾಲುವಿ ಕಡೆ, ಕಪ್ಪಿ ಒದರಿದ್ರ ಅದ ದೊಡ್ಡ ಸದ್ದು. ಇಲ್ಲಿ ಇನ್ನೂ ಮಬ್ಬುಗತ್ತಲು ಇರೂವಾಗ ನೂಲಿನ ಮಿಲ್ಲಿನ ಭೋಂಗಾ ಕೂಗಿತು ನೋಡ್ರಿ, ನನ್ನ ಎದಿ ಧಸಕ್ಕಂತು. ಎಲ್ಲ್ಯೋ ಬೆಂಕಿ ಬಿದ್ದೈತಿ ಅನ್ಕೊಂಡು ಹೊಸ ಸೀರಿ ಎತ್ತಿ ಕಟ್ಟಿ ಅಂಗಳಕ್ಕ ಓಡಿದೆ. ನೀವು ಬಾಗಲಾಗ ನಿಂತು ತಲಿ ಬಾಚಿಕೊಳ್ಳಾಕತ್ತಿದ್ರಿ. “ಎಲ್ಲಿಗೆ ಓಡ್ತೀಯವ್ವಾ ಸಿರುಗುಪ್ಪದಾಕಿ? ಅದು ನಮ್ಮ ಮಿಲ್ಲು. ನನ್ನ ಕರಿಯಾಕತ್ತೈತಿ, ನಿನ್ನಲ್ಲ” ಅಂದ್ರಿ. ಓಣಿ ಹೆಂಗಸರೆಲ್ಲಾ ನಕ್ಕರು. ನನಗ ಅಳುನ ಬಂತು. ಅವತ್ತಿನಿಂದ ಕಡಿತನಕ ನೀವು ನನ್ನ ಹೆಸರು ಹಿಡದು ಕರೀಲಿಲ್ಲ, ಸಿರುಗುಪ್ಪದಾಕಿ ಅನ್ನೋದ ಹೆಸರಾತು.

ನಿಮ್ಮ ಚಪ್ಪಲಿ ಉಂಗುಟ ಕಿತ್ತ ದಿನ ಮಿಲ್ಲಿನ ಕಾಯದೆ ನನಗ ತಿಳೀತು. ಭೋಂಗಾ ನಿಲ್ಲೂದರೊಳಗ ಗೇಟಿನಾಗ ಕಾಲಿಟ್ಟವರು ಒಳಗ, ಯಾರೂ ಅವರನ್ನ ತಿರಿಗಿ ಕಳಸಂಗಿಲ್ಲ. ನಿಂತ ಮ್ಯಾಲೆ ಬಂದವರು ಸೀದಾ ಮನಿಗೆ, ಎಷ್ಟು ಅಂಗಲಾಚಿದ್ರೂ ಇಲ್ಲ. ಅವತ್ತು ಕಿತ್ತ ಚಪ್ಪಲಿ ಕೈಯಾಗ ಹಿಡಕೊಂಡು ಓಡಿದ್ರಿ, ಮುಖದ ಮುಂದ ಗೇಟು ಮುಚ್ಚಿತು. ಮನಿಗೆ ಬಂದು ಆ ಚಪ್ಪಲಿಗೆ ಬೈದಷ್ಟು ನೀವು ಯಾವ ಮನಿಷಾಗೂ ಬೈದದ್ದು ನಾನು ಕೇಳಿಲ್ಲ. ಆಮ್ಯಾಲೆ ಇದ್ದಬಿದ್ದ ಹಾಸಿಗಿ ಕೌದಿ ಎಲ್ಲಾ ತಗದು ಒಗದು ಹಾಕಿದ್ರಿ. ಕೆಲಸ ಇಲ್ಲದ ಹಗಲು ನಿಮಗ ಜ್ವರ ಬಂದಂಗ.

ರೀಲಿಂಗ್ ಖಾತಿಗೆ ನಿಮಗ ಬುತ್ತಿ ಕೊಡಾಕ ಬಂದಾಗ ನಾನು ಬೆಪ್ಪಾಗಿ ನಿಂತಿದ್ದೆ. ನೂಲನ್ನ ಲಡಿ ಸುತ್ತೂ ಮಷಿನ್ನು ಸಾಲಾಗಿ ಗಡಗಡ ಅನ್ನಾಕತ್ತಿದ್ವು, ಬಾಜೂದವರು ಒದರಿದ್ರೂ ಕೇಳೂದಿಲ್ಲ. ಆದ್ರ ನೀವು ಹೆಂಗಸರು ಆ ತುದಿಯಿಂದ ಈ ತುದಿತನಕ ಬರೇ ಕೈಸನ್ನಿಲೆ ಎಲ್ಲಾ ಮಾತಾಡ್ತಿದ್ರಿ! ಮೇಸ್ತ್ರಿ ಬಂದ ಅಂದ್ರ ಮೀಸಿ ತಿರುವೂದು, ಯಾರಿಗೋ ದಿನ ತುಂಬ್ಯಾವ ಅಂದ್ರ ಹೊಟ್ಟಿ ಮುಂದ ಗುಂಡಗ ಕೈ ತಿರುಗಸೂದು. ಎಳಿ ಕಡದೈತಿ, ಕೂಡಸು ಅನ್ನಾಕ ಬೆರಳಿಗೆ ಬೆರಳು ಹಚ್ಚಿ ತಿಕ್ಕೂದು. ನಾನೂ ಕಲತೆ. ಮನ್ಯಾಗ ನೆಂಟರು ಕುಂತಾಗ ಸಾರಿಗೆ ಉಪ್ಪು ಕಮ್ಮಿ ಅಂತ ನೀವು ಸನ್ನಿ ಮಾಡ್ತಿದ್ರಿ, ನಾನು ಸನ್ನಿಲೇ ಅದನ್ನ ಹಾಕಿದ್ದು ನಿಮ್ಮ ಮಗ ಅಂತ ತೋರಸತಿದ್ದೆ. ನೀವು ನಗು ತಡಕೊಳ್ಳಾಕ ಆಗದ ಎದ್ದು ಹಿತ್ತಲಿಗೆ ಹೋಗ್ತಿದ್ರಿ.

ಆಮ್ಯಾಲೆ ಆ ದಿನ ಬಂತು. ಸಂಜಿ ಪಾಳಿ ಬಿಡೂ ಹೊತ್ತು, ಭೋಂಗಾ ಏರಿ ಏರಿ ಇನ್ನೇನು ತುದಿ ಮುಟ್ಟಬೇಕು, ಕುತ್ತಿಗಿ ಹಿಸುಕಿದಂಗ ಕೆಳಗಿಳಿದು ಸುಮ್ಮನಾತು. ಮಾಲಕರು ಕರೆಂಟಿನ ಬಾಕಿ ಕಟ್ಟಿದ್ದಿಲ್ಲಂತ, ಲೈನು ಕಟ್ ಮಾಡಿಬಿಟ್ಟಿದ್ರು. ಮರುದಿನ ಗೇಟಿಗೆ ಬೀಗ. ಒಂದು ಮಾತಿಲ್ಲ, ಒಂದು ನೋಟೀಸಿಲ್ಲ. ಗಂಡಸರು ಒದರ್ಯಾಡಿದ್ರು, ಕಲ್ಲು ಒಗದ್ರು, ಕಡೀಕೆ ಹೊಟ್ಟಿಪಾಡು ನೋಡಿಕೊಂಡು ದಿಕ್ಕಾಪಾಲಾದ್ರು. ನಿಮ್ಮ ಮಗ ಸಿರುಗುಪ್ಪದ ಅಕ್ಕಿ ಗಿರಣಿಗೆ ಸೇರಿ ವಾರಕ್ಕೊಮ್ಮಿ ಬರಾಕತ್ತಿದ್ರು. ನೀವು ಮಾತ್ರ ಜಗ್ಗಲಿಲ್ಲ. “ಭೋಂಗಾ ಪೂರ್ತಿ ಊದಿಲ್ಲಲೇ. ಪಾಳಿನ ಮುಗದಿಲ್ಲ. ಮುಗೀದ ಪಾಳಿನ ಯಾರು ಮುಚ್ಚತಾರ?” ಅಂದ್ರಿ.

ಮಹಾನವಮಿ ಬಂದ್ರ ಸಾಕು, ನೀವು ತಾಟಿನಾಗ ಅರಿಷಿಣ ಕುಂಕುಮ, ನಿಂಬಿಹಣ್ಣು ಇಟ್ಟುಕೊಂಡು ಗೇಟಿಗೆ ಹೊಂಟುಬಿಡ್ತಿದ್ರಿ. ಒಳಗ ಹೋಗಿ ಮಷಿನ್ನಿಗೆ ಪೂಜಿ ಮಾಡಾಕ ಆಗಂಗಿಲ್ಲಲ್ಲ, ಅದಕ್ಕ ಬೀಗಕ್ಕ ಪೂಜಿ. ಜಂಗ್ ಹಿಡದ ಬೀಗಕ್ಕ ವಿಭೂತಿ ಬಳದು, ಹೂ ಏರಿಸಿ, ನಿಂಬಿಹಣ್ಣು ಕೊಯ್ದು ಎರಡೂ ಕಡೆ ಇಟ್ಟು ಕೈಮುಗೀತಿದ್ರಿ. ಒಂದಿನ ಲಾರಿ ಬಂದು ನಿಮ್ಮ ರೀಲಿಂಗ್ ಮಷಿನ್ನು ಒಂದೊಂದ ಹೇರಿಕೊಂಡು ಹೋದ್ವು. ಓಣಿಗೆ ಓಣಿ ನಿಂತು ನೋಡ್ತು. ಇನ್ನರ ತಿಳಕೊಂತೀರೇನೋ ಅಂತ ನಾನು ನಿಮ್ಮ ಮುಖ ನೋಡಿದೆ. “ಹಳೇವು ಆಗಿದ್ವು ಬಿಡು. ಹೊಸಾವು ತರಸ್ತಾರ” ಅಂದ್ರಿ. ಆಗ ನಿಮ್ಮ ಮ್ಯಾಲೆ ನನಗ ಸಿಟ್ಟು ಬಂದಿತ್ತು ಅತ್ತಿ. ಇಷ್ಟು ಶಾಣ್ಯಾ ಹೆಂಗಸು, ಇದೊಂದು ಯಾಕ ತಿಳಿವಲ್ಲದು ಅಂತ…

ಬಯಲಾಟದ ಗದ್ದಲ ನಮ್ಮ ಮನಿ ಹೊಕ್ಕಿದ್ದು ಎಮರ್ಜೆನ್ಸಿ ಮುಗದ ಮ್ಯಾಲೆ. ಮೇಳದಾಗಿದ್ದೋರು ಎಲ್ಲಾ ಮಿಲ್ಲಿನ ಮಂದೀನ. ಕಲಸೋರು ತಿಪ್ಪೇಸ್ವಾಮಿ ಮಾಸ್ತರು, ಹಾರ್ಮೋನಿಯಂ ಮುಂದ ಕುಂತ್ರಂದ್ರ ಊಟದ ಖಬರಿಲ್ಲ. ನಮ್ಮಪ್ಪ ಸಿರುಗುಪ್ಪದಾಗ ಹಿಮ್ಮೇಳದಾಗ ಹಾಡಿದೋರು ಅಂತ ಗೊತ್ತಾಗಿ ನನ್ನೂ ಪರದೆ ಹಿಂದ ಕುಂದ್ರಿಸಿ ಹಾಡಸ್ತಿದ್ರು. ನಿಮ್ಮ ಮಗ ವಾರಕ್ಕೊಮ್ಮಿ ಬಂದು ರಾಜನ ಪಾರ್ಟಿನ ತಾಲೀಮು ಮಾಡೋರು, ಓಣಿ ನಡುವ ಕತ್ತಿ ತಿರುವಿ ತಿರುವಿ ಯಾರದೋ ಒಣ ಹಾಕಿದ ಸೀರಿ ಹರದದ್ದೂ ಆತು. ಮಳಿ ಬಂದ್ರ ತಾಲೀಮು ಬಂದ್. ಊರಾಗಿನ ಥೇಟರಿನ ಬಾಡಿಗಿ ಕೇಳಿದ್ರ ಕಿರೀಟ ಭುಜಕೀರ್ತಿ ಮಾರಬೇಕು. ಆಗ ನಾನ ಬಾಯಿಬಿಟ್ಟೆ, “ರೀಲಿಂಗ್ ಖಾತಿ ಖಾಲಿ ಬಿದ್ದೈತಲ್ರೀ ಮಾಸ್ತರೇ” ಅಂತ.

ಖಾಲಿ ಮಿಲ್ಲು ನೋಡಿಕೊಳ್ಳಾಕ ಮದ್ರಾಸಿನ ಮಾಲಕರು ಇಟ್ಟಿದ್ದ ಏಜಂಟರನ್ನ ಹೋಗಿ ಕೇಳಿದ್ವಿ. ಅವರು ಹೇಳಿದ್ದು ಇಷ್ಟ: “ಒಂದ್ ಆಟ ಆಡಿ ತೋರಸ್ರಿ. ಮಂದಿ ಬಂದ್ರ ಮಾಲಕರಿಗೆ ಬರೀತೀನಿ. ಬರಲಿಲ್ಲಂದ್ರ ಹತ್ತಿ ಸಾವ್ಕಾರರು ಗೋದಾಮಿಗೆ ಕೇಳ್ಯಾರ, ಅವರಿಗೆ ಕೊಡ್ತೀವಿ.” ನನಗಂತೂ ಖುಷಿ ತಡೀಲಿಲ್ಲ. ಮನಿಗೆ ಓಡಿ ಬಂದು ನಿಮಗ ಹೇಳಿದೆ. ನೀವು ಜ್ವಾಳ ಹಸನ ಮಾಡಾಕತ್ತಿದ್ರಿ. ಮೊರ ಕೆಳಗಿಟ್ಟು ನನ್ನ ನೋಡಿದ್ರಿ, ಆ ನೋಟ…

“ಮಿಲ್ಲಿನಾಗ ಬಣ್ಣ ಹಚ್ಚಿಕೊಂಡು ಕುಣೀತೀರಿ?”

“ಕುಣದ್ರೇನಾತ್ರಿ ಅತ್ತಿ? ಬಾವಲಿ ವಾಸ ಮಾಡ್ಯಾವ ಅಲ್ಲಿ. ಮಂದಿ ಬಂದು ಕುಂದ್ರಲಿ.”

“ನಾಳೆ ಮಷಿನ್ನು ಬಂದ್ರ ಎಲ್ಲಿಡತಾರ? ನಿನ್ನ ಗಂಡನ ತಲಿಮ್ಯಾಲ ಇಡತಾರೇನು?”

“ಬರಂಗಿಲ್ರಿ ಅತ್ತಿ! ಮಷಿನ್ನು ಬರಂಗಿಲ್ಲ, ಮಿಲ್ಲು ಮುಗದು ಹೋತು. ಊರಿಗೆ ಊರ ಗೊತ್ತೈತಿ, ನಿಮಗೊಬ್ಬರಿಗೆ ಗೊತ್ತಿಲ್ಲ!”

ಅಷ್ಟು ಜೋರಾಗಿ ನಾನು ನಿಮ್ಮ ಜೋಡಿ ಹಿಂದ ಎಂದೂ ಮಾತಾಡಿದ್ದಿಲ್ಲ. ಅವತ್ತಿನಿಂದ ನೀವು ಮಾತು ಬಿಟ್ರಿ. ಹಂಗಂತ ಬೈಗಳ ಬಿಟ್ರೇನು? ಮಿಲ್ಲಿನ ಕೈಸನ್ನಿಲೆ ಬೈದ್ರಿ! ನೀರು ತುಂಬಿಲ್ಲ, ಮಜ್ಜಿಗಿ ಹುಳಿ ಬಂದೈತಿ, ನಿನ್ನ ಮಾರಿಗೆ ಬೆಂಕಿ ಹಾಕ, ಎಲ್ಲಾ ಕೈಯಾಗ. ನಡುವ ಸಿಕ್ಕ ನಿಮ್ಮ ಮಗಗ ಒಂದೂ ತಿಳೀವಲ್ಲದು, “ಅವ್ವ ಏನಂತಾಳ ಹೇಳು” ಅಂತ ನನ್ನ ಕೇಳೋರು. “ನಿಮ್ಮನ್ನ ಹೊಗಳಾಕತ್ತ್ಯಾರ” ಅಂತಿದ್ದೆ. ಹೊರಗ ನಗತಿದ್ದೆ ಅತ್ತಿ, ಒಳಗ ನನಗ ಭಾಳ ಸಂಕಟ ಆಗ್ತಿತ್ತು. ನಿಮ್ಮನ್ನ ನೋಯಿಸಿ ಹಾಡೂ ಹಾಡು ಗಂಟಲದಾಗ ಹೆಂಗ ಬರಬೇಕು?

ಆಟದ ದಿನ ಇಳಿಹೊತ್ತು. ಮುಂಜಾನಿಂದ ಕಸ ಹೊಡದು ಹೊಡದು ನಮ್ಮ ತಲಿ ಮೈ ಎಲ್ಲಾ ಹತ್ತಿ. ಚಾಪಿ ಹಾಸಿದ್ವಿ, ಟಿಕೀಟು ಮಾರಾಕ ಒಂದು ಮೇಜು ಇಟ್ಟಿದ್ವಿ, ಆದ್ರ ಬಂದಿದ್ದೋರು ಬೆರಳೆಣಿಕಿಯಷ್ಟು ಮಂದಿ. ಏಜಂಟರು ಒಂದು ಕುರ್ಚಿ ಹಾಕಿಸಿಕೊಂಡು ಗಡಿಯಾರ ನೋಡಿಕೊಂತ ಕುಂತಿದ್ರು. ಮಿಲ್ಲಿನ ಹಳೇ ಫಿಟ್ಟರ್ ಖಾಜಾ ಮಾಮಾ ಆ ಒಂದು ಆಟಕ್ಕಂತ ಓಡ್ಯಾಡಿ ಲೈನು ಕೊಡಿಸಿಕೊಂಡು ಬಂದಿದ್ರು. ವೇಷದೋರು ಬಣ್ಣ ಹಚ್ಚಿಕೊಂಡು ಕುಂತಿದ್ರು. “ಬಿಸ್ಮಿಲ್ಲಾ” ಅಂತ ಮಾಮಾ ಮೇನ್ ಸ್ವಿಚ್ಚಿನ ದೊಡ್ಡ ಖಟ್ಕಾ ಎತ್ತಿ ಹಾಕಿದ್ರು.

ಬಲ್ಬು ಹತ್ತೂದಕ ಮೊದಲ ಭೋಂಗಾ ಕೂಗಿತು!

ಅಯ್ಯಯ್ಯೋ, ಆ ಕೂಗು! ಯಾರೂ ಊದಿಸಿದ್ದಿಲ್ಲ ಅತ್ತಿ. ಅವತ್ತು ಲೈನು ಕಟ್ ಆದಾಗ ಭೋಂಗಾದ ಸ್ವಿಚ್ಚು ಹಾಕಿದ್ದು ಹಾಕಿದಂಗ ಇತ್ತು, ಆರಸೋದು ಯಾರಿಗೂ ಹೊಳೆದಿದ್ದಿಲ್ಲ. ಇಷ್ಟು ವರ್ಷ ಆದ ಮ್ಯಾಲೆ ಕರೆಂಟು ಬರತ್ಲೆ, ಅರ್ಧಕ್ಕ ನಿಂತಿದ್ದು ಮುಂದಿನರ್ಧ ಹಿಡಕೊಂಡುಬಿಡ್ತು. ಪಾರಿವಾಳ ಎಲ್ಲಾ ಪಟಪಟ ಎದ್ದು ಹಾರಿದ್ವು. ಮಾಸ್ತರು ಎದಿ ಹಿಡಕೊಂಡು ಕುಂತ್ರು. ಭೋಂಗಾದ ಸ್ವಿಚ್ಚು ಇರೂದು ಗೇಟಿನ ಕೋಣ್ಯಾಗ, ಮಾಮಾ ಆರಸಾಕ ಆ ಕಡೆ ಓಡಿದ್ರು, ಅವರ ಹಿಂದ ನಾನು. ಗೇಟಿಗೆ ಬಂದು ನಾವಿಬ್ಬರೂ ಹಂಗ ನಿಂತುಬಿಟ್ವಿ.

ಓಣಿ ತುಂಬ ಮಿಲ್ಲಿನ ಮಂದಿ ಬರಾಕತ್ತಿದ್ರು. ಆಟ ನೋಡಾಕಲ್ಲ, ಕೆಲಸಕ್ಕ. ಬುತ್ತಿ ಗಂಟು ಹಿಡಕೊಂಡವರು, ಅಂಗಿ ಗುಂಡಿ ಹಾಕ್ಕೊಂತ ಓಡಿ ಬರೋರು, ಕೈಗೆ ಹಿಟ್ಟು ಮೆತ್ತಿದ ಹೆಂಗಸರು. ಒಬ್ಬಾತ ಹಜಾಮತಿ ಅರ್ಧಕ್ಕ ಬಿಟ್ಟು ಎದ್ದು ಬಂದಿದ್ದ, ಒಂದು ಗಲ್ಲದ ತುಂಬ ನೊರಿ. “ಚಾಲೂ ಆತಂತ, ಮಿಲ್ಲು ಚಾಲೂ ಆತಂತ” ಅಂತ ಒಬ್ಬರಿಗೊಬ್ಬರು ಹೇಳಿಕೊಂತ ಬರಾಕತ್ತಿದ್ರು. ಎಲ್ಲರ ಮುಂದ ನೀವು. ಬಾಜೂಕ ನಿಂತು ಕರದ್ರ ಕೇಳದ ನಿಮಗ ಅಷ್ಟು ದೂರದ ಮನ್ಯಾಗ ಭೋಂಗಾ ಕೇಳಿತ್ತು. ಎಣ್ಣಿ ಹಚ್ಚಿ ಬಿಗದು ಕಟ್ಟಿದ ತುರುಬು, ಎತ್ತಿ ಸಿಗಿಸಿದ ಸೀರಿ, ಕೈಯಾಗ ಹಿತ್ತಾಳಿ ಬಿಲ್ಲಿ, ಮಿಲ್ಲಿನ ಹಾಜರಿ ಬಿಲ್ಲಿ. ನಿಮ್ಮ ಮುಖ ಹೊಸಾ ಮದುಮಗಳ ಮುಖ ಆಗಿತ್ತು ಅತ್ತಿ. ಆ ಮುಖ ನಾನು ಸಾಯೂತನಕ ಮರಿಯಂಗಿಲ್ಲ.

ಗೇಟಿನಾಗ ನಿಂತು ನೀವು ಒಳಗ ನೋಡಿದ್ರಿ. ಪರದೆ ಕಂಡಿತು, ಚಾಪಿ ಕಂಡ್ವು, ಕಿರೀಟ ಹಾಕ್ಕೊಂಡು ಬಾಯಿ ತಕ್ಕೊಂಡು ನಿಂತಿದ್ದ ನಿಮ್ಮ ಮಗ ಕಂಡ್ರು. ನಿಮ್ಮ ಕಾಲು ಹಿಡಕೊಂಡು ಅಳಬೇಕು ಅನಿಸಿತು ನನಗ. ಮಾಮಾ ಸ್ವಿಚ್ಚಿಗೆ ಕೈ ಹಾಕಿದ್ರು. ಆಗ ನೀವು ಕೈ ಎತ್ತಿದ್ರಿ.

“ತಡೀ ಖಾಜಾ. ಆರಸಬ್ಯಾಡ.”

“ಅಕ್ಕಾ, ಜನಾ ತಪ್ಪು ತಿಳಕೊಂಡು ಬರಾಕತ್ತೈತಿ…”

“ನಮ್ಮ ಖಾತಿ ಹನುಮಕ್ಕ ಇನ್ನೂ ಮೂಲಿ ತಿರುಗಿಲ್ಲ. ಆಕಿ ಕಾಲು ಆಗಂಗಿಲ್ಲ, ಗೊತ್ತಿಲ್ಲೇನು ನಿನಗ? ಊದ್ಲಿ.”

ಭೋಂಗಾ ಊದಿತು. ಹನುಮಕ್ಕ ಗ್ವಾಡಿ ಹಿಡಕೊಂಡು, ಒಬ್ಬರ ಹೆಗಲ ಹಿಡಕೊಂಡು ಬಂದ್ಲು. ಆಕಿ ಹಿಂದ ಇನ್ನೂ ಇಬ್ಬರು ಮುದುಕರು ಬಂದ್ರು. ಎಲ್ಲಾರೂ ಗೇಟಿನಾಗ ಕಾಲಿಟ್ಟ ಮ್ಯಾಲೆ ನೀವು ಎತ್ತಿದ ಕೈ ಇಳಿಸಿದ್ರಿ. ಮಾಮಾ ಆರಿಸಿದ್ರು. ಏನು ಸುಮ್ಮನಾತು ಅಂತೀರಿ, ಕಿವಿ ಗುಂಯ್ ಅಂತು. ಆ ಸುಮ್ಮನದಾಗ ನೀವು ಒಂದ ಮಾತು ಹೇಳಿದ್ರಿ, “ಆತು. ನಮ್ಮ ಪಾಳಿ ಮುಗೀತು.” ಹಿತ್ತಾಳಿ ಬಿಲ್ಲಿ ಸೆರಗಿನ ತುದಿಗೆ ಗಂಟು ಹಾಕಿದ್ರಿ. ಮಂದಿ ಎಲ್ಲಾ ಅಳಾಕತ್ತಿದ್ರು, ಗಂಡಸರು ಸುದ್ದಾ. ನೀವು ಅಳಲಿಲ್ಲ.

ಮಂದಿ ತಲಿ ತಗ್ಗಿಸಿ ಮನಿ ಕಡೆ ತಿರುಗಿತ್ತು. “ಎಲ್ಲಿಗೆ ಹೊಂಟ್ರಿ?” ಅಂತ ನೀವು ಒದರಿದ್ರಿ. “ಭೋಂಗಾ ಇರೂವಾಗ ಬಂದವರನ್ನ ಗೇಟಿನಿಂದ ಯಾರು ಕಳಸ್ತಾರ ನೋಡ್ತೀನಿ. ಒಳಗ ನಡೀರಿ!” ಮಾಸ್ತರು ಸಣ್ಣಾಗಿ ಟಿಕೀಟಿನ ಮಾತು ತಗದ್ರು, ಪಾಪ. ನೀವು ಅವರನ್ನ ಒಮ್ಮಿ ನೋಡಿದ್ರಿ, ಅವರು ಮೇಜು ಎತ್ತಿ ಬದಿಗಿಟ್ರು. ಏಜಂಟರು ಕುರ್ಚಿಯಿಂದ ಎದ್ದು ತೆಲುಗಿನಾಗ ಏನೋ ಜೋರು ಮಾಡಾಕ ಬಂದ್ರು. ನೀವು ಅವರ ಮಾತಿನಾಗ ಹೇಳಿದ್ರಿ, “ಇದಿ ಮಾ ಮಿಲ್ಲು, ಬಾಬೂ. ಕೂರ್ಚೋ.” ನಮ್ಮ ಮಿಲ್ಲು ಇದು, ಕುಂದ್ರಪಾ ಅಂತ. ಅವರು ಕುಂತೇಬಿಟ್ರು!

ಆಟ ಶುರು ಆತು. ಖಾತಿ ತುಂಬಿ ಬಾಗಲತನಕ ಮಂದಿ. ನೀವು ಹುಡುಕಿಕೊಂಡು ಹೋಗಿ ನಿಮ್ಮ ಮಷಿನ್ನು ಇದ್ದ ಜಾಗದಾಗ, ಬೋಲ್ಟ್ ಕಿತ್ತ ತೂತು ಇದ್ವಲ್ಲ, ಅಲ್ಲೇ ಕುಂತ್ರಿ. ಮದ್ದಳಿ ಏಟಿಗೆ ತೊಲಿ ಮ್ಯಾಲಿನ ಹಳೇ ಹತ್ತಿ ಉದುರಾಕತ್ತಿತು. ಮಿಲ್ಲಿನ ಹೆಂಗಸರೆಲ್ಲಾ ನೋಡಿಕೊಂತ ನೋಡಿಕೊಂತ ತಲಿಮ್ಯಾಲಿಂದು ಝಾಡಿಸಿಕೊಂಡ್ರು, ರೂಢಿ ನೋಡ್ರಿ. ನಾನು ಪರದೆ ಸಂದಿನಿಂದ ಅದನ್ನ ನೋಡಿದೆ, ನಿಮ್ಮನ್ನ ನೋಡಿದೆ. ಹಾಡು ನಡುವ ನಿಂತಿತು. ಹಾರ್ಮೋನಿಯಂ ಒಂದ ಸುತ್ತಾಕತ್ತಿತು, ನನ್ನ ಬಾಯಿಂದ ಸ್ವರ ಹೊರಡವಲ್ಲದು. ಮಾಸ್ತರು ಗಾಬರಿಯಾಗಿ ಪರದೆ ಸರಿಸಿ ನನ್ನ ನೋಡಿದ್ರು. ಅಷ್ಟು ಮಂದಿ ನಡುವ ನೀವು ಎದ್ದು ನಿಂತ್ರಿ. ಸಿಟ್ಟಿನ ಮುಖ. ಎರಡೂ ಕೈ ಮ್ಯಾಲೆತ್ತಿ ಬೆರಳಿಗೆ ಬೆರಳು ಹಚ್ಚಿ ತಿಕ್ಕಿದ್ರಿ.

ಎಳಿ ಕಡದೈತಿ, ಕೂಡಸು.

ಹಾಡಿದೆ ಅತ್ತಿ. ಹೆಂಗ ಹಾಡಿದ್ನೋ ನನಗ ಗೊತ್ತಿಲ್ಲ, ಅಂತೂ ನಿಲ್ಲಿಸಲಿಲ್ಲ. ಮನಿಗೆ ಹೋಗೂ ದಾರ್ಯಾಗ ನೀವು ನನ್ನ ಜೋಡಿ ಬಾಯಿಬಿಟ್ಟು ಮಾತಾಡಿದ್ರಿ, ಎಷ್ಟೋ ದಿನದ ಮ್ಯಾಲೆ. “ಪರದೆ ಹಿಂದ ಯಾಕ ಕುಂದ್ರತಿ? ಕಳ್ಳಿ ಏನು ನೀನು? ಮುಂದ ಬಾ” ಅಂದ್ರಿ. ಅದಾದ ಸ್ವಲ್ಪ ದಿನಕ್ಕ ನಿಮಗ ಹತ್ತಿ ಧೂಳಿನ ಹಳೇ ಕೆಮ್ಮು ಹೆಚ್ಚಾತು. ತವರಿನ ಗಾಳಿ ಹಿಡಸತೈತಿ ಅಂತ ಕುರುಗೋಡಿಗೆ ಕರಕೊಂಡು ಹೋದ್ವಿ. ಬಸವಣ್ಣನ ಗುಡಿ ಕಟ್ಟಿಮ್ಯಾಲ ಬಿಸಿಲು ಕಾಸಿಕೊಂತ ಕುಂತು, ನಾನು ಬಸ್ಸಿಳಿದು ಬಂದಾಗೆಲ್ಲಾ ಕೇಳ್ತಿದ್ರಿ, “ಏಜಂಟನ ಕಾಗದ ಬಂತೇನು?” ಇನ್ನೂ ಇಲ್ರಿ ಅಂತಿದ್ದೆ. ಆ ಕಾಗದ ಬಂದ ದಿನ ಅದನ್ನ ಕುಬಸದಾಗ ಇಟ್ಟುಕೊಂಡು ಬಸ್ಸು ಹತ್ತಿದೆ, ನಿಮಗ ಜೋರಾಗಿ ಓದಿ ಹೇಳಬೇಕಂತ. ನಾನು ಬರೂದರೊಳಗ ನೀವು… ಮನಿ ಮುಂದ ಮಂದಿ ನಿಂತಿದ್ದು ನೋಡಿ ನನಗ ತಿಳೀತು.

ಅದಕ್ಕ ಈಗ ಹೇಳ್ತೀನಿ, ಕೇಳ್ರಿ. ರೀಲಿಂಗ್ ಖಾತಿ ನಮಗ ಸಿಕ್ಕೈತಿ. ಹತ್ತಿ ಸಾವ್ಕಾರರಿಗೆ ಕೊಡಲಿಲ್ಲ. ಆ ಮುದುಕಿ ಎದುರು ಗೋದಾಮಿನ ಮಾತು ತಗೀಯಾಕ ನನಗ ಧೈರ್ಯ ಇಲ್ಲ ಅಂತ ಏಜಂಟರು ಮಾಲಕರಿಗೆ ಬರದಿದ್ರಂತ. ಈಗ ಅಲ್ಲಿ ಬಯಲಾಟ ಐತಿ, ತೊಗಲುಗೊಂಬಿಯವರು ಬರ್ತಾರ, ಖಾಜಾ ಮಾಮಾರ ಖವ್ವಾಲಿ ಮಂದಿ ಬರ್ತಾರ, ಹೆಂಗಸರು ಕೋಲಾಟ ಕಲೀತಾರ. ಬಾಡಿಗಿ ಕೈಲಾದಷ್ಟು. ಅದೂ ಆಗದವರು ಆಟ ಮುಗದ ಮ್ಯಾಲೆ ಕಸ ಹೊಡದು ಹೋಗಬೇಕು. ಹನುಮಕ್ಕ ಬಾಗಲಾಗ ಕುಂತು ಕಸಬರಗಿ ಕೊಡ್ತಾಳ, ದೊಡ್ಡ ದೊಡ್ಡವರ ಕೈಯಾಗೂ ಕೊಟ್ಟುಬಿಡ್ತಾಳ! ನೀವು ಕುಂತ ಜಾಗದಾಗ ಚಾಪಿ ಹಾಸಂಗಿಲ್ಲ, ಆ ತೂತು ಹಂಗ ಅದಾವ.

ನೀವು ಹೋದ ಮ್ಯಾಲೆ ಬಂದ ಮೊದಲ ಮಹಾನವಮಿಗೆ ನಾನು ತಾಟು ಹಿಡಕೊಂಡು ಗೇಟಿಗೆ ಹೋದೆ. ಪೂಜಿ ಮಾಡಾಕ ನೋಡಿದ್ರ ಬೀಗಾನ ಇಲ್ಲ! ಖಾತಿ ನಮ್ಮ ಕೈಗೆ ಬಂದ ದಿನ ನಿಮ್ಮ ಮಗ ಅದನ್ನ ಕಿತ್ತು ಒಗದಿದ್ದು ನನಗ ಮರತ ಹೋಗಿತ್ತು. ನಿಂಬಿಹಣ್ಣು ಹಿಡಕೊಂಡು ಹುಚ್ಚೀಹಂಗ ನಿಂತು ಅತ್ತೆ, ನಕ್ಕೆ, ಆಮ್ಯಾಲೆ ಭೋಂಗಾದ ಸ್ವಿಚ್ಚಿಗೆ ಕುಂಕುಮ ಹಚ್ಚಿ ಬಂದೆ.

ನಾಳೆ ಸಂಜಿಗೆ ಆಟ ಐತಿ ಅತ್ತಿ. ನಿಮ್ಮ ಮಗ ರಾಜ, ನಾನು ರಾಣಿ. ಹೌದ್ರೀ, ಪರದೆ ಮುಂದ, ಬಣ್ಣ ಹಚ್ಚಿಕೊಂಡು. ಸಿರುಗುಪ್ಪದಿಂದ ನಮ್ಮಪ್ಪನೂ ಬರ್ತಾರ. ಶುರು ಮಾಡೂ ಮುಂದ ಖಾಜಾ ಮಾಮಾ ಭೋಂಗಾ ಊದಸ್ತಾರ, ಪೂರ್ತಿ ಊದಸ್ತಾರ. ನಿಮ್ಮ ಬುತ್ತಿ ಕಟ್ಟಿ ಇಟ್ಟಿರ್ತೀನಿ, ಎರಡು ರೊಟ್ಟಿ, ನೀವು ಬೇಡೂ ಖಾರಬ್ಯಾಳಿ. ಅಲ್ಲಿಂದ ದಾರಿ ದೂರ ಇರಬೇಕು, ನಿಮ್ಮ ಚಪ್ಪಲಿ ಬ್ಯಾರೆ ಮೊದಲ ಹಂಗ. ಓಡಬ್ಯಾಡ್ರಿ. ಸಾವಕಾಶ ಬರ್ರಿ. ಭೋಂಗಾ ನಿಂತ ಮ್ಯಾಲೆ ಬಂದ್ರೂ ನಮ್ಮಲ್ಲಿ ಗೇಟು ಹಾಕಂಗಿಲ್ಲ.